ಫೀಡರ್ ಕಟ್ಟಿ ಮೂರು ವಾರ ಆಯ್ತು, ಒಂದು ಹಕ್ಕಿಯೂ ಯಾಕೆ ಬರ್ತಿಲ್ಲ?

ಓದುಗರ ಪ್ರಶ್ನೆ: "ಹಿತ್ತಲಲ್ಲಿ ಹಕ್ಕಿಗಳಿಗೆ ಅಂತ ಒಂದು ಫೀಡರ್ ಕಟ್ಟಿದ್ದೇನೆ. ಮೂರು ವಾರ ಆಯಿತು. ತುಂಬಿಸಿದ ಕಾಳು ತುಂಬಿಸಿದ ಹಾಗೇ ಇದೆ. ಪಕ್ಕದ ಮರದಲ್ಲಿ ಬೆಳಗಾದರೆ ಸಾಕು ಚಿಲಿಪಿಲಿ ಶುರು, ಆದರೆ ಒಂದು ಹಕ್ಕಿಯೂ ಇತ್ತ ತಿರುಗಿ ನೋಡುವುದಿಲ್ಲ. ಕಾಳು ಎರಡು ಸಲ ಬದಲಾಯಿಸಿದೆ. ಎಲ್ಲಿ ತಪ್ಪುತ್ತಿದ್ದೇನೆ?"

ಮೊದಲು ಆ ಕಾಳನ್ನು ಬಯ್ಯುವುದು ಬಿಡಿ. ಹಕ್ಕಿ ಬರದಿದ್ದರೆ ಎಲ್ಲರೂ ಮೊದಲು ಅನುಮಾನ ಪಡುವುದು ಕಾಳಿನ ಮೇಲೆ, ಯಾಕೆಂದರೆ ನಾವು ಕೊಂಡು ತಂದದ್ದು ಅದನ್ನೇ ತಾನೇ. ಆದರೆ ನಿಮ್ಮ ಹಕ್ಕಿಗಳು ಆ ಕಾಳನ್ನು ರುಚಿ ನೋಡಿ ಬೇಡ ಅಂದಿಲ್ಲ. ಹತ್ತಿರಕ್ಕೇ ಬಂದಿಲ್ಲ. ಅಂದ ಮೇಲೆ ಅವುಗಳಿಗೆ ಹಿಡಿಸದೇ ಇರುವುದು ಜಾಗ ಇರಬೇಕು, ಇಲ್ಲವೇ ಇನ್ನೂ ಅದು ತಿನ್ನುವ ಜಾಗ ಅಂತ ಗೊತ್ತಾಗಿಲ್ಲ.

ಎರಡನೆಯದನ್ನು ಮೊದಲು ಮುಗಿಸೋಣ. ಮೂರು ವಾರ ಅಂದರೆ ಜಾಸ್ತಿ ಏನಲ್ಲ. ಕೆಲವರ ಮನೆಯಲ್ಲಿ ಎರಡೇ ದಿನಕ್ಕೆ ಗದ್ದಲ ಶುರುವಾಗುತ್ತದೆ, ಕೆಲವರ ಮನೆಯಲ್ಲಿ ತಿಂಗಳು ದಾಟಿದರೂ ಸದ್ದಿಲ್ಲ. ಕಾಳು ತಿನ್ನುವ ಹಕ್ಕಿಗಳು ಊಟ ಹುಡುಕುವುದು ಹೆಚ್ಚಾಗಿ ಕಣ್ಣಿನಿಂದ, ವಾಸನೆ ಹಿಡಿದು ಬರುವುದಿಲ್ಲ. ಮುಚ್ಚಿದ ಡಬ್ಬದೊಳಗೆ ಎಂಥ ಒಳ್ಳೆಯ ಕಾಳಿದ್ದರೂ ಅದು ಅವುಗಳಿಗೆ ಬರೀ ಡಬ್ಬ. ಜೊತೆಗೆ ಅವು ಒಂದನ್ನೊಂದು ನೋಡಿ ಕಲಿಯುತ್ತವೆ. 1921ರಲ್ಲಿ ಇಂಗ್ಲೆಂಡಿನ ಸ್ವೇತ್ಲಿಂಗ್ ಅನ್ನುವ ಊರಲ್ಲಿ ಟಿಟ್ ಅನ್ನುವ ಪುಟ್ಟ ಹಕ್ಕಿಗಳು ಮನೆ ಬಾಗಿಲಲ್ಲಿ ಇಟ್ಟ ಹಾಲಿನ ಬಾಟಲಿಯ ಮುಚ್ಚಳ ಕಿತ್ತು ಕೆನೆ ಕದಿಯುವುದನ್ನು ಜನ ಗಮನಿಸಿದರು. ಮುಂದಿನ ಎರಡು ಮೂರು ದಶಕಗಳಲ್ಲಿ ಈ ಚಾಳಿ ಬ್ರಿಟನ್ನಿನ ಉದ್ದಗಲಕ್ಕೂ ಹಬ್ಬಿತು. ನಿಮಗೆ ಬೇಕಾಗಿರುವುದೂ ಅಂಥ ಒಂದೇ ಒಂದು ಧೈರ್ಯವಂತ ಹಕ್ಕಿ. ಅದು ಬಂದು ಕೂತು ತಿಂದು ಬದುಕಿ ಹೋದದ್ದನ್ನು ಉಳಿದವು ನೋಡಿದರೆ ಸಾಕು. ಅದಕ್ಕೇ ಮೊದಲ ದಿನಗಳಲ್ಲಿ ಫೀಡರಿನ ಒಳಗೆ ಮಾತ್ರ ಕಾಳು ಹಾಕಬೇಡಿ. ಅದರ ಮುಚ್ಚಳದ ಮೇಲೆ, ಪಕ್ಕದ ಗೋಡೆಯ ಮೇಲೆ, ಕೆಳಗಿನ ಕಲ್ಲಿನ ಮೇಲೆ ಒಂದೊಂದು ಚಿಟಿಕೆ ಉದುರಿಸಿ. ಬಂದು ಹೋಗುವುದು ರೂಢಿಯಾದ ಮೇಲೆ ಹೊರಗೆ ಹಾಕುವುದನ್ನು ನಿಲ್ಲಿಸಿ.

ಇನ್ನು ಜಾಗದ ವಿಷಯ. ನಾನು ಮೊದಲ ಸಲ ಫೀಡರ್ ಕಟ್ಟಿದ್ದು ಅಂಗಳದ ನಟ್ಟನಡುವೆ, ಬಟ್ಟೆ ಒಣಗಿಸುವ ತಂತಿಗೆ. ಯಾಕೆ ಅಂದರೆ ನಾನು ಕಾಫಿ ಕುಡಿಯುತ್ತಾ ಕೂರುವ ಕುರ್ಚಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ ಕಾರಣ. ಗಾಳಿ ಬಂದರೆ ತಂತಿ ತೂಗುತ್ತಿತ್ತು, ಫೀಡರ್ ಗಿರಗಿರ ತಿರುಗುತ್ತಿತ್ತು, ಸುತ್ತ ಹತ್ತಿಪ್ಪತ್ತು ಹೆಜ್ಜೆ ಬಟ್ಟಬಯಲು. ತಿಂಗಳು ಕಳೆದರೂ ಇರುವೆ ಬಿಟ್ಟರೆ ಯಾರೂ ಬರಲಿಲ್ಲ. ಬೇಸತ್ತು ಅದನ್ನು ಬಿಚ್ಚಿ, ಹಿತ್ತಲ ಮೂಲೆಯ ಪೊದೆಯಿಂದ ನಾಲ್ಕು ಹೆಜ್ಜೆ ಈಚೆಗೆ ಒಂದು ಕಂಬ ನೆಟ್ಟು ಅದಕ್ಕೆ ಬಿಗಿಯಾಗಿ ಕಟ್ಟಿದೆ. ಅದೇ ಕಾಳು, ಅದೇ ಡಬ್ಬ. ಎರಡನೇ ಬೆಳಗ್ಗೆ ಒಂದು ಗುಬ್ಬಿ ಬಂತು. ವಾರದಲ್ಲಿ ಹನ್ನೆರಡು.

ಆ ನಾಲ್ಕು ಹೆಜ್ಜೆಯಲ್ಲಿ ಏನಿತ್ತು ಅಂದರೆ, ಓಡಿಹೋಗುವ ದಾರಿ. ಹಕ್ಕಿ ಒಂದು ಜಾಗದಲ್ಲಿ ಇಳಿಯುವ ಮೊದಲೇ ಅಲ್ಲಿಂದ ಏಳುವುದು ಹೇಗೆ ಅಂತ ನೋಡಿಕೊಳ್ಳುತ್ತದೆ. ಒಂದು ಪುಟ್ಟ ಹಕ್ಕಿ ಕಾಳು ಕುಕ್ಕುವಾಗ ತಲೆ ತಗ್ಗಿಸಬೇಕು, ಆ ಒಂದು ಕ್ಷಣಕ್ಕೆ ಅದಕ್ಕೆ ಗಿಡುಗನೂ ಕಾಣುವುದಿಲ್ಲ ಬೆಕ್ಕೂ ಕಾಣುವುದಿಲ್ಲ, ಆದ್ದರಿಂದ ಎರಡು ಸಲ ಕುಕ್ಕಿ ಒಂದು ಸಲ ತಲೆ ಎತ್ತಿ ಸುತ್ತ ನೋಡಿ ಮತ್ತೆ ಕುಕ್ಕುತ್ತದೆ, ಏನೋ ಸದ್ದಾದರೆ ರೆಕ್ಕೆ ನಾಲ್ಕು ಸಲ ಬಡಿಯುವಷ್ಟರಲ್ಲಿ ಪೊದೆಯೊಳಗೆ ಇರಬೇಕು. ಬಯಲಲ್ಲಿ ಅದು ಸಾಧ್ಯವಿಲ್ಲ. ಹಾಗಂತ ಫೀಡರನ್ನು ಪೊದೆಗೆ ಅಂಟಿಸಿ ಕಟ್ಟಿದರೂ ಕಷ್ಟ, ಬೆಕ್ಕು ಅದೇ ಪೊದೆಯ ಬುಡದಲ್ಲಿ ಹೊಂಚು ಹಾಕಿ ಕೂರುತ್ತದೆ. ಸುಮಾರು 3 ಮೀಟರ್ ದೂರ ಇದ್ದರೆ ಇಬ್ಬರಿಗೂ ನ್ಯಾಯ: ಹಕ್ಕಿಗೆ ಹಾರಿ ಅಡಗುವಷ್ಟು ಹತ್ತಿರ, ಬೆಕ್ಕಿಗೆ ಒಂದೇ ನೆಗೆತಕ್ಕೆ ಸಿಗದಷ್ಟು ದೂರ. ಹಿತ್ತಲಲ್ಲಿ ಪೊದೆಯೇ ಇಲ್ಲವೇ? ಎಲೆ ದಟ್ಟವಾಗಿರುವ ಎರಡು ದೊಡ್ಡ ಕುಂಡಗಳು, ಕತ್ತರಿಸಿದ ರೆಂಬೆಗಳ ಒಂದು ರಾಶಿ, ಇಷ್ಟಾದರೂ ನಡೆಯುತ್ತದೆ. ನೋಡುವುದಕ್ಕೆ ಕಸದ ಗುಡ್ಡೆ ಹಾಗಿರುತ್ತದೆ ಅಂತ ಮನೆಯವರು ಗೊಣಗಬಹುದು. ಗುಬ್ಬಿಗಳಿಗೆ ಮಾತ್ರ ಅದು ಬಲು ಇಷ್ಟ.

ಬೆಕ್ಕಿನ ವಿಷಯ ಸುಮ್ನೆ ಹೇಳಿದ್ದಲ್ಲ. 2013ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಅಮೆರಿಕ ಒಂದರಲ್ಲೇ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ನಿಮ್ಮದೇ ಬೆಕ್ಕು ಇದ್ದು ಅದು ಹೊರಗೆ ಓಡಾಡುವುದಾದರೆ, ಬೇಜಾರು ಮಾಡಿಕೊಳ್ಳಬೇಡಿ, ಫೀಡರ್ ಇಡಬೇಡಿ. ಊಟಕ್ಕೆ ಕರೆದು ಬೆಕ್ಕಿನ ಬಾಯಿಗೆ ಕೊಟ್ಟ ಹಾಗೆ ಆಗುತ್ತದೆ.

ಇನ್ನೊಂದು ಅಪಾಯ ನಮ್ಮ ಕಣ್ಣಿಗೇ ಬೀಳದ್ದು: ಗಾಜು. ಕಿಟಕಿಯ ಗಾಜಿನಲ್ಲಿ ಆಕಾಶ, ಮರ ಎಲ್ಲಾ ಮೂಡುತ್ತದೆ, ಹಕ್ಕಿ ಅದನ್ನೇ ನಿಜ ಅಂದುಕೊಂಡು ಪೂರ್ತಿ ವೇಗದಲ್ಲಿ ಹೋಗಿ ಬಡಿಯುತ್ತದೆ. ಅಮೆರಿಕದಲ್ಲಿ ಹೀಗೆ ಕಟ್ಟಡಗಳಿಗೆ ಬಡಿದು ಸಾಯುವ ಹಕ್ಕಿಗಳ ಸಂಖ್ಯೆ ವರ್ಷಕ್ಕೆ 36 ಕೋಟಿಗೂ ಮೇಲೆ, ಸುಮಾರು 99 ಕೋಟಿವರೆಗೂ ಇರಬಹುದು ಅಂತ 2014ರ ಲೆಕ್ಕ. ಇದಕ್ಕೆ ಒಂದು ವಿಚಿತ್ರ ನಿಯಮ ಇದೆ. ಫೀಡರ್ ಕಿಟಕಿಗೆ 1 ಮೀಟರಿಗಿಂತ ಹತ್ತಿರ ಇರಬೇಕು, ಇಲ್ಲವೇ 10 ಮೀಟರಿಗಿಂತ ದೂರ ಇರಬೇಕು. ತುಂಬಾ ಹತ್ತಿರ ಇದ್ದರೆ ಹಕ್ಕಿ ಬೆದರಿ ಎದ್ದಾಗ ಅದಕ್ಕೆ ಇನ್ನೂ ವೇಗ ಬಂದಿರುವುದಿಲ್ಲ, ತಾಗಿದರೂ ಬದುಕುತ್ತದೆ. ದೂರ ಇದ್ದರೆ ಆ ಕಡೆ ನುಗ್ಗುವ ಸಂಭವವೇ ಕಡಿಮೆ. ನಡುವಿನ ದೂರವೇ ಕೊಲ್ಲುವುದು, ನಾವು ಸಾಮಾನ್ಯವಾಗಿ ಕಟ್ಟುವುದೂ ಅಲ್ಲೇ. ಬೇರೆ ಜಾಗ ಇಲ್ಲ ಅಂದರೆ ಗಾಜಿನ ಹೊರಮೈ ಮೇಲೆ ಪೂರ್ತಿ ಚುಕ್ಕಿ ಅಥವಾ ಗೆರೆ ಹಾಕಿ, ಒಂದಕ್ಕೊಂದು 5 ಸೆಂಟಿಮೀಟರಿಗಿಂತ ಜಾಸ್ತಿ ಅಂತರ ಬೇಡ. ಗಿಡುಗನ ಆಕಾರದ ಒಂದೇ ಸ್ಟಿಕ್ಕರ್ ಅಂಟಿಸಿ ನಿಶ್ಚಿಂತೆಯಾಗಿ ಇರುವವರನ್ನು ನೋಡಿದ್ದೇನೆ. ಹಕ್ಕಿಗೆ ಅದು ಗಿಡುಗ ಅಂತ ಅನಿಸುವುದೇ ಇಲ್ಲ, ಅದರ ಪಕ್ಕದಲ್ಲಿ ಉಳಿದ ಗಾಜಿಗೆ ಹೋಗಿ ಬಡಿಯುತ್ತದೆ.

ಜಾಗ ಇಷ್ಟು ಸರಿ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಚಿಲ್ಲರೆ ವಿಷಯ: ಗಾಳಿಗೆ ತೂಗದ ಹಾಗೆ ಕಟ್ಟಿ, ಬಿಸಿಲು ನೇರ ಹೊಡೆಯದ ಕಡೆ ಇರಲಿ, ದಿನಕ್ಕೆ ಹತ್ತು ಸಲ ತೆಗೆದು ಹಾಕುವ ಬಾಗಿಲಿನ ಎದುರು ಬೇಡ. ನಿಮ್ಮ ಕೈಗೆ ಎಟುಕುವ ಎತ್ತರದಲ್ಲೇ ಇರಲಿ, ಯಾಕೆ ಅನ್ನುವುದು ಮುಂದೆ ತೊಳೆಯುವ ಮಾತು ಬಂದಾಗ ಗೊತ್ತಾಗುತ್ತದೆ.

ಯಾವ ಥರದ ಫೀಡರ್ ಅಂತಲೂ ಕೇಳುತ್ತಾರೆ. ತೆರೆದ ತಟ್ಟೆ, ಮಾಡು ಇರುವ ಪೆಟ್ಟಿಗೆ, ಪಕ್ಕದಲ್ಲಿ ತೂತು ಇರುವ ಉದ್ದನೆ ಕೊಳವೆ, ಹೀಗೆ ಮೂರು ನಾಲ್ಕು ಬಗೆ. ತಟ್ಟೆಗೆ ಎಲ್ಲರೂ ಬರುತ್ತಾರೆ, ಕಾಳೂ ಬೇಗ ಕಣ್ಣಿಗೆ ಬೀಳುತ್ತದೆ, ಆದರೆ ಮಳೆ ನೀರು, ಹಿಕ್ಕೆ ಎರಡೂ ಅದರಲ್ಲೇ ಬೀಳುತ್ತವೆ. ಕೊಳವೆಯಲ್ಲಿ ಕಾಳು ಒಣಗಿರುತ್ತದೆ, ಹಕ್ಕಿ ಕೂರುವ ಕಡ್ಡಿ ಗಿಡ್ಡ ಇದ್ದರೆ ಪಾರಿವಾಳಕ್ಕೆ ಕೂರಲು ಆಗುವುದಿಲ್ಲ. ನನಗೆ ಕೊಳವೆಯೇ ಇಷ್ಟ. ಯಾವುದನ್ನೇ ಕೊಳ್ಳಿ ಇಲ್ಲವೇ ಹಳೆ ಬಾಟಲಿಯಲ್ಲಿ ನೀವೇ ಮಾಡಿ, ಎರಡು ವಿಷಯ ನೋಡಿ: ತಳದಲ್ಲಿ ನೀರು ಬಸಿಯುವುದಕ್ಕೆ ತೂತು ಇದೆಯೇ, ಪೂರ್ತಿ ಬಿಚ್ಚಿ ಒಳಗೆ ಬ್ರಷ್ ಹಾಕಿ ಉಜ್ಜಲು ಆಗುತ್ತದೆಯೇ. ಗೊಂಬೆ ಮನೆ ಹಾಗೆ ಕಿಟಕಿ ಬಾಗಿಲು ಕೆತ್ತಿದ ಚೆಂದದ ಮರದ ಫೀಡರುಗಳು ಸಿಗುತ್ತವೆ. ಒಂದು ಮಳೆ ಕಳೆದ ಮೇಲೆ ಅದರ ಮೂಲೆಗಳಿಗೆ ಮೂಗು ಹಿಡಿದು ನೋಡಿ, ಆಮೇಲೆ ಹೇಳಿ.

ಈಗ ಕಾಳಿನ ವಿಷಯ. ಕೊಕ್ಕು ನೋಡಿದರೆ ಊಟ ಗೊತ್ತಾಗುತ್ತದೆ. ಗುಬ್ಬಿಯ ಹಾಗೆ ದಪ್ಪ, ಮೊಂಡು ಕೊಕ್ಕಿನವು ಕಾಳು ಒಡೆಯುವ ಜಾತಿ. ತೆಳ್ಳಗೆ ಸೂಜಿಯ ಹಾಗಿರುವ ಕೊಕ್ಕಿನವು ಹುಳ ಹೆಕ್ಕುವ ಜಾತಿ, ಅವು ನಿಮ್ಮ ಕಾಳಿಗೆ ಎಂದೂ ಬರುವುದಿಲ್ಲ. ಉದ್ದ ಬಾಗಿದ ಕೊಕ್ಕಿನ ಸೂರಕ್ಕಿಯಂಥವು ಹೂವಿನ ಮಕರಂದದವು. ನಿಮ್ಮ ಪಕ್ಕದ ಮರದಲ್ಲಿ ಕೂಗುತ್ತಿರುವವು ಯಾರು ಅಂತ ಒಂದು ಬೆಳಗ್ಗೆ ಕೂತು ನೋಡಿ. ಹುಳ ತಿನ್ನುವವೇ ಜಾಸ್ತಿ ಇದ್ದರೆ ಫೀಡರ್ ಖಾಲಿ ಇರುವುದಕ್ಕೆ ನಿಮ್ಮ ತಪ್ಪು ಏನೂ ಇಲ್ಲ, ಕಾಳು ಅವುಗಳಿಗೆ ಊಟವೇ ಅಲ್ಲ.

ಕಾಳು ತಿನ್ನುವವುಗಳಿಗೆ ಕಪ್ಪು ಸಿಪ್ಪೆಯ ಸೂರ್ಯಕಾಂತಿ ಬೀಜ ಎಲ್ಲಕ್ಕಿಂತ ಒಳ್ಳೆಯದು. ಎಣ್ಣೆ ಅಂಶ ಜಾಸ್ತಿ, ಸಿಪ್ಪೆ ತೆಳು, ಸಣ್ಣ ಕೊಕ್ಕಿಗೂ ಒಡೆಯುತ್ತದೆ. ತೀರ ಪುಟ್ಟ ಹಕ್ಕಿಗಳಿಗೆ ಬರಗು, ನವಣೆ. ಹುಚ್ಚೆಳ್ಳು ಗೊತ್ತಲ್ಲ, ಜಗತ್ತಿನ ಎಷ್ಟೋ ಕಡೆ ಅದನ್ನು ಹಕ್ಕಿಗಳಿಗೆ ಅಂತಲೇ ಮಾರುತ್ತಾರೆ. ಅದಕ್ಕೆ ಸಣ್ಣ ಸೀಳು ಇರುವ ಕೊಳವೆ ಬೇಕು, ಇಲ್ಲದಿದ್ದರೆ ಎಲ್ಲಾ ಸುರಿದು ಹೋಗುತ್ತದೆ. ಹತ್ತು ಥರದ್ದು ಬೆರೆಸಿದ ಪೊಟ್ಟಣ ನನಗೆ ಸರಿಬರುವುದಿಲ್ಲ. ಹಕ್ಕಿ ತನಗೆ ಬೇಕಾದ ಒಂದು ಕಾಳಿಗಾಗಿ ಉಳಿದ ಒಂಬತ್ತನ್ನು ಕೊಕ್ಕಿನಿಂದ ಎಡಕ್ಕೆ ಬಲಕ್ಕೆ ಎಸೆಯುತ್ತದೆ, ಅದು ಕೆಳಗೆ ಬಿದ್ದು ಮೊಳಕೆ ಬರುತ್ತದೆ, ಇಲ್ಲವೇ ಕೊಳೆತು ಇಲಿ ಕರೆಯುತ್ತದೆ. ಕಡಲೆಬೀಜ ಹಾಕುವುದಾದರೆ ಉಪ್ಪು ಹಾಕದ್ದು, ಒಳ್ಳೆಯದು ಮಾತ್ರ. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಬೆಳೆಯುತ್ತದೆ, ನಮಗೂ ಆಗದ್ದು ಹಕ್ಕಿಗೂ ಆಗುವುದಿಲ್ಲ. "ನಾವು ತಿನ್ನಲ್ಲ, ಹಕ್ಕಿಗೆ ಹಾಕೋಣ" ಅನ್ನುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ ಅಲ್ವಾ, ಅದನ್ನು ಬಿಡಬೇಕು. ಬ್ರೆಡ್ಡಿನಲ್ಲಿ ಹೊಟ್ಟೆ ತುಂಬುತ್ತದೆ, ಸತ್ವ ಸಿಗುವುದಿಲ್ಲ. ಉಪ್ಪಿನದು, ಕರಿದದ್ದು, ಚಾಕೊಲೇಟ್, ಬೆಣ್ಣೆಹಣ್ಣು ಯಾವುದೂ ಬೇಡ. ಕೊನೆಯ ಎರಡು ಹಕ್ಕಿಗಳಿಗೆ ವಿಷವೇ.

ಮಕರಂದದ ಹಕ್ಕಿಗಳಿಗೆ ಅಂತ ಸಕ್ಕರೆ ನೀರು ಇಡುವವರೂ ಇದ್ದಾರೆ. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಅಷ್ಟೇ. ಬಣ್ಣ ಹಾಕಬೇಡಿ, ಜೇನುತುಪ್ಪ ಹಾಕಬೇಡಿ, ಜೇನು ಕಲಸಿದ ನೀರಿಗೆ ಬೇಗ ಬೂಷ್ಟು ಬರುತ್ತದೆ. ಸೆಕೆಯ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಚೆಲ್ಲಿ, ತೊಳೆದು, ಹೊಸದು ತುಂಬಬೇಕು. ಅಷ್ಟು ಪುರುಸೊತ್ತು ಇಲ್ಲ ಅಂದರೆ ಹೂವಿನ ಗಿಡ ನೆಡುವುದು ಸುಲಭ.

ಈಗ ಒಂದು ಗುಟ್ಟು. ಫೀಡರ್ ಕಟ್ಟಿ ಬೇಸತ್ತವರಿಗೆಲ್ಲ ನಾನು ಹೇಳುವುದು ಒಂದೇ, ಪಕ್ಕದಲ್ಲಿ ನೀರು ಇಡಿ. ಕಾಳು ತಿನ್ನದ ಹಕ್ಕಿಗೂ ನೀರು ಬೇಕು. ಕುಡಿಯಲಿಕ್ಕೂ ಬೇಕು, ಮೀಯಲಿಕ್ಕೂ ಬೇಕು, ರೆಕ್ಕೆಗಳು ಶುದ್ಧವಾಗಿದ್ದರೆ ತಾನೇ ಹಾರಾಟ. ನನ್ನ ಹಿತ್ತಲಿಗೆ ಬರುವ ಹಕ್ಕಿಗಳಲ್ಲಿ ಅರ್ಧಕ್ಕರ್ಧ ಕಾಳನ್ನು ಮುಟ್ಟುವುದೇ ಇಲ್ಲ, ನೀರಿಗೆ ಬಂದು ಹೋಗುತ್ತವೆ. ಅಗಲವಾದ ಮಣ್ಣಿನ ತಟ್ಟೆ ಸಾಕು. ಆಳ ಜಾಸ್ತಿ ಇರಬಾರದು, ಅಂಚಿನಲ್ಲಿ ಎರಡೂವರೆ ಸೆಂಟಿಮೀಟರ್, ನಡುವೆ 5 ಸೆಂಟಿಮೀಟರ್ ಬಂದರೆ ಹೆಚ್ಚು. ನುಣುಪಾದ ಪ್ಲಾಸ್ಟಿಕ್ ಬೋಗುಣಿ ಆದರೆ ಒಳಗೆ ಒಂದೆರಡು ಒರಟು ಕಲ್ಲು ಹಾಕಿ, ಕಾಲು ಜಾರದಿರಲಿ. ದಿನಾ ನೀರು ಚೆಲ್ಲಿ ಹೊಸದು ಹಾಕಿದರೆ ಸೊಳ್ಳೆಯ ಭಯವೂ ಇಲ್ಲ. ಮೊಟ್ಟೆಯಿಂದ ಸೊಳ್ಳೆ ಆಗಿ ಹಾರುವುದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ, ಅಷ್ಟು ದಿನ ನೀರು ನಿಲ್ಲಲು ನೀವು ಬಿಡಬಾರದು. ತಟ್ಟೆಯ ಮೇಲೆ ಒಂದು ಬಾಟಲಿ ತಲೆಕೆಳಗು ಕಟ್ಟಿ ಸೂಜಿಯಲ್ಲಿ ತೂತು ಮಾಡಿ ಹನಿ ಹನಿ ಬೀಳುವಂತೆ ಮಾಡಿ ನೋಡಿ. ನಿಂತ ನೀರಿಗಿಂತ ಅಲುಗುವ ನೀರು ಬೇಗ ಕಣ್ಣಿಗೆ ಬೀಳುತ್ತದೆ. ನೀರಿಗೆ ಬಂದ ಹಕ್ಕಿ ಪಕ್ಕದಲ್ಲಿ ಕಾಳನ್ನೂ ನೋಡುತ್ತದೆ, ನಿಮ್ಮ ಪ್ರಶ್ನೆ ಅಲ್ಲಿಗೆ ಅರ್ಧ ಮುಗಿಯಿತು.

ಹಕ್ಕಿ ಬಂತು ಅಂತಲೇ ಇಟ್ಟುಕೊಳ್ಳೋಣ. ಸಂತೋಷ. ಈಗ ನಿಜವಾದ ಕೆಲಸ ಶುರು, ಇದನ್ನು ಯಾರೂ ಫೀಡರ್ ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಕಾಡಿನಲ್ಲಿ ಹಕ್ಕಿಗಳು ಚದುರಿ ತಿನ್ನುತ್ತವೆ. ನಾವು ಫೀಡರ್ ಇಟ್ಟು ಐವತ್ತು ಹಕ್ಕಿಗಳನ್ನು ಒಂದು ಅಂಗೈ ಅಗಲದ ಜಾಗಕ್ಕೆ ಕರೆಯುತ್ತೇವೆ. ಅದರಲ್ಲಿ ಒಂದಕ್ಕೆ ರೋಗ ಇದ್ದರೂ ಎಲ್ಲಕ್ಕೂ ಹಂಚಿದ ಹಾಗೆ.

ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಅನ್ನುವ ಹಸಿರು ಹಕ್ಕಿಯ ಕಥೆ ಕೇಳಿ. ಹಿತ್ತಲ ಫೀಡರುಗಳಲ್ಲಿ ಎಲ್ಲೆಂದರಲ್ಲಿ ಕಾಣುತ್ತಿದ್ದ ಹಕ್ಕಿ. 2005ರಿಂದ ಅದರಲ್ಲಿ ಟ್ರೈಕೊಮೊನೋಸಿಸ್ ಅನ್ನುವ ರೋಗ ಕಾಣಿಸಿಕೊಂಡಿತು. ಇದಕ್ಕೆ ಕಾರಣ ಒಂದು ಸೂಕ್ಷ್ಮ ಪರಾವಲಂಬಿ ಜೀವಿ, ಮೊದಲಿನಿಂದ ಪಾರಿವಾಳಗಳಲ್ಲಿ ಇದ್ದದ್ದು. ಗಂಟಲಲ್ಲಿ ಹುಣ್ಣಾಗಿ ಹಕ್ಕಿಗೆ ನುಂಗಲು ಆಗುವುದಿಲ್ಲ. ಹಸಿವು ಮಾತ್ರ ಇರುತ್ತದೆ, ಆದ್ದರಿಂದ ಫೀಡರಿಗೆ ಬಂದು ಕಾಳು ಕಚ್ಚುತ್ತದೆ, ನುಂಗಲಾರದೆ ಜೊಲ್ಲಿನ ಸಮೇತ ಉಗುಳುತ್ತದೆ, ಅದೇ ಕಾಳನ್ನು ಮುಂದಿನ ಹಕ್ಕಿ ಎತ್ತಿಕೊಳ್ಳುತ್ತದೆ. ಲಕ್ಷಾಂತರ ಹಕ್ಕಿಗಳು ಕಡಿಮೆಯಾದವು. 2021ರಲ್ಲಿ ಅಲ್ಲಿನ ಅಪಾಯದ ಕೆಂಪು ಪಟ್ಟಿಗೆ ಅದರ ಹೆಸರು ಸೇರಿತು. 2025ರಲ್ಲಿ ಆರ್‌ಎಸ್‌ಪಿಬಿ, ಅಲ್ಲಿನ ಹಕ್ಕಿ ರಕ್ಷಣೆಯ ದೊಡ್ಡ ಸಂಸ್ಥೆ, ಚಪ್ಪಟೆ ತಟ್ಟೆಯ ಫೀಡರುಗಳ ಮಾರಾಟವನ್ನೇ ನಿಲ್ಲಿಸಿತು. ಚಪ್ಪಟೆ ಜಾಗದಲ್ಲಿ ಉಗುಳಿದ್ದು, ಹಿಕ್ಕೆ, ಕಾಳು ಎಲ್ಲಾ ಒಂದೇ ಕಡೆ ಕಲಸಿಕೊಳ್ಳುತ್ತವೆ ಅನ್ನುವ ಕಾರಣಕ್ಕೆ. ಅಮೆರಿಕದಲ್ಲಿ 1994ರ ಸುಮಾರಿಗೆ ಹೌಸ್ ಫಿಂಚ್ ಹಕ್ಕಿಗಳಿಗೆ ಕಣ್ಣುಬೇನೆ ಶುರುವಾಗಿ, ಕಣ್ಣು ಊದಿ ಕುರುಡಾಗಿ, ಖಂಡದ ಉದ್ದಕ್ಕೂ ಹಬ್ಬಿತು. ಅಲ್ಲಿ ಕೊಳವೆ ಫೀಡರಿನ ತೂತಿಗೂ ಪಾಲಿದೆ, ತಲೆ ತೂರಿಸುವಾಗ ಕಣ್ಣು ಅಂಚಿಗೆ ಉಜ್ಜುತ್ತದೆ. ಅಂದರೆ ತಟ್ಟೆ ಬಿಟ್ಟು ಕೊಳವೆ ಹಿಡಿದ ಮಾತ್ರಕ್ಕೆ ಪಾರಾದೆವು ಅಂತ ಇಲ್ಲ. ತೊಳೆಯಲೇಬೇಕು.

ತೊಳೆಯುವುದು ಹೀಗೆ. ಎರಡು ವಾರಕ್ಕೆ ಒಂದು ಸಲ ಕಡ್ಡಾಯ, ಮಳೆಗಾಲದಲ್ಲಿ ಇಲ್ಲವೇ ಹಕ್ಕಿ ಜಾಸ್ತಿ ಬರುವಾಗ ವಾರಕ್ಕೊಮ್ಮೆ. ಉಳಿದ ಕಾಳು ಚೆಲ್ಲಿ, ಫೀಡರ್ ಪೂರ್ತಿ ಬಿಚ್ಚಿ, ಸೋಪು ನೀರಲ್ಲಿ ಬ್ರಷ್ ಹಾಕಿ ಜಿಡ್ಡೆಲ್ಲ ಉಜ್ಜಿ. ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ 10 ನಿಮಿಷ ಮುಳುಗಿಸಿ ಇಡಿ. ಬ್ಲೀಚಿಗೆ ವಿನೆಗರ್ ಅಥವಾ ಬೇರೆ ಯಾವ ಕ್ಲೀನರನ್ನೂ ಸೇರಿಸಬೇಡಿ, ಬರುವ ಗಾಳಿ ಎದೆಗೆ ಹೊಡೆಯುತ್ತದೆ. ಮತ್ತೆ ಒಳ್ಳೆಯ ನೀರಲ್ಲಿ ವಾಸನೆ ಹೋಗುವವರೆಗೆ ಜಾಲಾಡಿ. ಕೊನೆಗೆ ಒಣಗಿಸುವುದು, ಎಲ್ಲರೂ ಮೋಸ ಹೋಗುವುದು ಇಲ್ಲೇ. ಒದ್ದೆ ಕೊಳವೆಗೆ ಕಾಳು ತುಂಬಿದರೆ ಎರಡೇ ದಿನಕ್ಕೆ ತಳದಲ್ಲಿ ಹಸಿರು ಉಂಡೆ ಕಟ್ಟುತ್ತದೆ. ನಾನು ಒಮ್ಮೆ ಹಾಗೆ ಮಾಡಿ, ಮೇಲಿನ ಕಾಳು ಚೆನ್ನಾಗೇ ಕಾಣುತ್ತಿದೆಯಲ್ಲ ಅಂತ ಅದರ ಮೇಲೇ ತುಂಬುತ್ತಾ ಹೋಗಿದ್ದೆ. ಬಿಚ್ಚಿದಾಗ ಬಂದ ವಾಸನೆ ಇನ್ನೂ ಮರೆತಿಲ್ಲ. ಆಮೇಲೆ ಎರಡು ಫೀಡರ್ ಇಟ್ಟುಕೊಂಡೆ, ಒಂದು ಕಂಬದಲ್ಲಿ, ಒಂದು ಬಿಸಿಲಲ್ಲಿ. ಇದಕ್ಕೆಂದೇ ಬೇರೆ ಬಕೆಟ್ಟು, ಬೇರೆ ಬ್ರಷ್ಷು ಇರಲಿ, ಅಡುಗೆಮನೆಯ ಸಿಂಕಿನಲ್ಲಿ ಬೇಡ. ಹಕ್ಕಿಯ ಹಿಕ್ಕೆಯಿಂದ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ನಮಗೂ ಬರುತ್ತದೆ, ಕೈ ಸೋಪು ಹಾಕಿ ತೊಳೆಯಿರಿ, ಮಕ್ಕಳಿಗೂ ಹೇಳಿ.

ಕೆಳಗೆ ಬಿದ್ದ ಹೊಟ್ಟು, ಕಾಳು ಗುಡಿಸುವುದೂ ಇದರಲ್ಲೇ ಸೇರಿತು. ಮತ್ತೆ, ಒಂದೇ ಸಲ ತುಂಬಾ ತುಂಬಿಸಬೇಡಿ. ಒಂದೆರಡು ದಿನಕ್ಕೆ ಖಾಲಿಯಾಗುವಷ್ಟು ಹಾಕಿದರೆ ಕಾಳೂ ಹೊಸದು, ಕೆಲಸವೂ ಕಡಿಮೆ. ನಿಮ್ಮ ಮೂರು ವಾರದ ಕಾಳು ಇನ್ನೂ ಅದರಲ್ಲೇ ಇದ್ದರೆ ಇವತ್ತೇ ಎಸೆಯಿರಿ.

ಒಂದು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಚೆಂಡಿನ ಹಾಗೆ ಕೂತಿದೆ, ನೀವು ಹತ್ತಿರ ಹೋದರೂ ಹಾರುತ್ತಿಲ್ಲ, ಕಣ್ಣು ಅಂಟಿದೆ, ಕೊಕ್ಕಿನ ಸುತ್ತ ಒದ್ದೆ. "ಪಾಪ, ಎಷ್ಟು ಸಾಧು" ಅಂದುಕೊಳ್ಳಬೇಡಿ, ಅದಕ್ಕೆ ಕಾಯಿಲೆ. ಆ ದಿನವೇ ಫೀಡರ್, ನೀರಿನ ತಟ್ಟೆ ಎರಡನ್ನೂ ಇಳಿಸಿ ತೊಳೆದು ಕನಿಷ್ಠ ಎರಡು ವಾರ ಒಳಗಿಡಿ. ಹಕ್ಕಿಗಳು ಚದುರಲಿ. ಹೀಗೆ ತೆಗೆದರೆ ಅವು ಹಸಿದು ಸಾಯುತ್ತವೆ ಅಂತ ಬಹಳ ಜನ ಹಿಂಜರಿಯುತ್ತಾರೆ, ಊರಿಗೆ ಹೋಗುವಾಗಲೂ ಇದೇ ಚಿಂತೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಿಕಡೀ ಅನ್ನುವ ಪುಟ್ಟ ಹಕ್ಕಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ, 1992ರಲ್ಲಿ ಅದು ಪ್ರಕಟವಾಯಿತು. 25 ವರ್ಷ ಕಾಳು ಹಾಕುತ್ತಿದ್ದ ಜಾಗದಲ್ಲಿ ಫೀಡರ್ ತೆಗೆದು ನೋಡಿದರು. ಅಲ್ಲಿನ ಹಕ್ಕಿಗಳು, ಫೀಡರನ್ನೇ ಕಂಡಿರದ ಹಕ್ಕಿಗಳಷ್ಟೇ ಚೆನ್ನಾಗಿ ಚಳಿಗಾಲ ದಾಟಿದವು. ನಮ್ಮ ಫೀಡರ್ ಅವುಗಳಿಗೆ ದಾರಿಯಲ್ಲಿ ಸಿಗುವ ಹೋಟೆಲ್ ಇದ್ದ ಹಾಗೆ. ಮುಚ್ಚಿದ್ದರೆ ಮುಂದಕ್ಕೆ ಹೋಗುತ್ತವೆ.

ಇನ್ನು ಕರೆಯದೇ ಬರುವವರು. ಅಳಿಲಿನ ಜೊತೆ ಜಿದ್ದಿಗೆ ಬಿದ್ದರೆ ನೀವೇ ಸೋಲುವುದು, ಅದಕ್ಕೆ ದಿನವಿಡೀ ಬೇರೆ ಕೆಲಸ ಇಲ್ಲ. ಒಂದೂವರೆ ಮೀಟರ್ ಎತ್ತರಕ್ಕೆ, ಎರಡು ಮೀಟರಿಗೂ ಜಾಸ್ತಿ ಅಡ್ಡಕ್ಕೆ ನೆಗೆಯುವ ಅಳಿಲುಗಳಿವೆ. ಗೋಡೆ, ರೆಂಬೆಗಳಿಂದ ದೂರ ನೆಟ್ಟ ನುಣುಪು ಕಂಬಕ್ಕೆ ನಡುವೆ ಕೊಡೆಯ ಹಾಗೆ ಒಂದು ತಗಡಿನ ತಡೆ ಹಾಕಿದರೆ ಹತ್ತುವುದು ಕಷ್ಟ. ಕಾಳಿಗೆ ಮೆಣಸಿನ ಪುಡಿ ಕಲಸುವ ಉಪಾಯವನ್ನೂ ಕೇಳಿರುತ್ತೀರಿ. ಅದರ ಹಿಂದೆ ವಿಜ್ಞಾನ ಇದೆ: ಮೆಣಸಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನುವ ವಸ್ತು ನಮ್ಮ, ಅಳಿಲಿನ, ಇಲಿಯ ನರಗಳಲ್ಲಿ ಉರಿಯನ್ನು ಗುರುತಿಸುವ ಒಂದು ಗ್ರಾಹಕವನ್ನು (ರಿಸೆಪ್ಟರ್) ಕೆರಳಿಸುತ್ತದೆ, ಅದಕ್ಕೇ ಉರಿ. ಹಕ್ಕಿಗಳಲ್ಲಿ ಅದೇ ಗ್ರಾಹಕ ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ. ಈ ಗ್ರಾಹಕವನ್ನು ಕಂಡುಹಿಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಮೆಣಸಿನಕಾಯಿಯನ್ನು ಗಿಳಿ ಚಪ್ಪರಿಸಿ ತಿನ್ನುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಆದರೂ ನಾನು ಪುಡಿ ಕಲಸುವುದಿಲ್ಲ. ಗಾಳಿಗೆ ಹಾರಿ ನನ್ನ ಕಣ್ಣಿಗೇ ಬಿದ್ದ ಮೇಲೆ ಬಿಟ್ಟೆ, ಹಕ್ಕಿಯ ಕಣ್ಣಿಗೂ ಬೀಳಬಹುದಲ್ಲ.

ಇಲಿ ಬರುವುದು ರಾತ್ರಿ, ಕೆಳಗೆ ಬಿದ್ದದ್ದಕ್ಕೆ. ಸಂಜೆ ಗುಡಿಸಿದರೆ ಬರುವುದಿಲ್ಲ. ಪಾರಿವಾಳದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟು. ಅವು ಹತ್ತು ಬಂದರೆ ನಾಳೆ ಐವತ್ತು, ಸಣ್ಣ ಹಕ್ಕಿಗಳಿಗೆ ಜಾಗವೇ ಇರುವುದಿಲ್ಲ. ಒಣಗಿದ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಕೆಟ್ಟದ್ದು. ವೆನಿಸ್ ನಗರದ ಸೇಂಟ್ ಮಾರ್ಕ್ಸ್ ಚೌಕದಲ್ಲಿ ಪಾರಿವಾಳಕ್ಕೆ ಕಾಳು ಮಾರುವುದನ್ನು 2008ರಲ್ಲೇ ನಿಲ್ಲಿಸಿದರು. ನೆಲಕ್ಕೆ ಕಾಳು ಚೆಲ್ಲಬೇಡಿ, ಗಿಡ್ಡ ಕಡ್ಡಿಯ ಕೊಳವೆ ಇಡಿ, ಸುತ್ತ ಗುಬ್ಬಿ ಮಾತ್ರ ನುಸುಳುವಷ್ಟು ಅಗಲದ ಜಾಲರಿ ಕಟ್ಟಿ. ಅಕ್ಕಪಕ್ಕದವರ ಜೊತೆ ಜಗಳವೂ ತಪ್ಪುತ್ತದೆ.

ಮರಿ ಮಾಡುವ ಕಾಲದಲ್ಲಿ ಫೀಡರಿಗೆ ಬರುವವರು ಕಡಿಮೆಯಾದರೆ ಗಾಬರಿ ಬೇಡ. ಗುಬ್ಬಿಯಂಥ ಕಾಳು ತಿನ್ನುವ ಹಕ್ಕಿಗಳೂ ಮರಿಗೆ ಕೊಡುವುದು ಹೆಚ್ಚಾಗಿ ಹುಳ. ಅಮೆರಿಕದ ಚಿಕಡೀಗಳ ಒಂದು ಗೂಡಿನ ಮರಿಗಳು ಹಾರುವಷ್ಟು ಬೆಳೆಯಲು 6,000ದಿಂದ 9,000 ಹುಳ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಅಷ್ಟು ಹುಳ ಯಾವ ಫೀಡರಿನಲ್ಲೂ ಹಿಡಿಸುವುದಿಲ್ಲ, ಅವು ಇರುವುದು ನಿಮ್ಮ ನೆಲದ ಗಿಡಮರಗಳ ಎಲೆಯ ಮೇಲೆ. ಎಲೆಯಲ್ಲಿ ಎರಡು ತೂತು ಕಂಡ ಕೂಡಲೇ ಔಷಧಿ ಹೊಡೆಯುವ ಕೈಯಲ್ಲೇ ಫೀಡರಿಗೆ ಕಾಳು ತುಂಬಿದರೆ, ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಜಾಸ್ತಿ ಆಗುತ್ತದೆ.

ಹಾಗಾದರೆ ನೀವು ಈ ವಾರ ಮಾಡಬೇಕಾದದ್ದು: ಹಳೆ ಕಾಳು ಎಸೆದು, ಫೀಡರ್ ತೊಳೆದು ಒಣಗಿಸಿ. ಅದನ್ನು ಆ ಚಿಲಿಪಿಲಿ ಮರದ ಕಡೆಗೆ, ಪೊದೆಯಿಂದ ನಾಲ್ಕು ಹೆಜ್ಜೆ ಬಿಟ್ಟು, ಕಿಟಕಿಯ ದೂರ ಅಳೆದು ಕಟ್ಟಿ. ಒಂದು ಹಿಡಿ ಸೂರ್ಯಕಾಂತಿ ಬೀಜ, ಮುಚ್ಚಳದ ಮೇಲೆ ಒಂದು ಚಿಟಿಕೆ, ಪಕ್ಕದಲ್ಲಿ ನೀರಿನ ತಟ್ಟೆ. ಆಮೇಲೆ ಎರಡು ವಾರ ಅದರ ಜಾಗ ಬದಲಿಸಬೇಡಿ, ಎಷ್ಟೇ ಕೈ ತುರಿಸಿದರೂ. ಮೊದಲ ಹಕ್ಕಿ ಬರುವುದು ಬಹುಶಃ ಬೆಳಕು ಹರಿಯುವ ಹೊತ್ತಿಗೆ, ನೀವು ಇನ್ನೂ ಹಾಸಿಗೆಯಲ್ಲಿ ಇರುವಾಗ. ಅದು ನಿಮಗೆ ಕಾಣದೇ ಹೋಗಬಹುದು, ಆದ್ದರಿಂದ ಎದ್ದ ಕೂಡಲೇ ಹೋಗಿ ಕೆಳಗೆ ನೋಡಿ, ಎರಡಾಗಿ ಸೀಳಿದ ಒಂದು ಕಪ್ಪು ಸಿಪ್ಪೆ ಬಿದ್ದಿದೆಯಾ ಅಂತ.